ಮಗ್ಗುಲು ತಿರುಗಿಸುವ ಕೈ ಯಾರದು?

ಹಾಸ್ಟೆಲ್ ಗೆಳೆಯರೇ,

ನಮ್ಮ ಚನ್ನಪಟ್ಟಣದ ಸೀಮೆಯಲ್ಲಿ ಒಬ್ಬನ ಮೇಲೆ ಹೊಟ್ಟೆ ಉರಿದು ಶಾಪ ಹಾಕುವಾಗ "ನಿನ್ ಮೈಗೆ ಹುಳ ಬೀಳ" ಅಂತಾರೆ. ಅದಕ್ಕಿಂತ ದೊಡ್ಡ ಶಾಪ ಇಲ್ಲ. ಹಾಸಿಗೆ ಹಿಡಿದವನ ಬೆನ್ನು ಹುಣ್ಣಾಗಿ, ಹುಣ್ಣಿಗೆ ನೊಣ ಕೂತು, ಹುಳ ಕಾಣಿಸಿಕೊಂಡ ದಿನ ಊರಿನೋರು ಮಾತ್ರ ಅಲ್ಲ, ಕೇರಿಯೋರೂ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಲ್ತಾರೆ. "ಏನ್ ಪಾಪ ಮಾಡಿದ್ನೋ, ಅನುಭವಿಸ್ತಾವ್ನೆ" ಅಂತಾರೆ. ಅಷ್ಟು ಹೇಳಿ ಹೊರಟುಹೋಗ್ತಾರೆ.

ಈ ಮಾತನ್ನು ನಾನು ಇವತ್ತು ಬೀದಿಗೆ ಎಳೆಯಬೇಕು ಅಂತಿದ್ದೀನಿ. ಹಾಸಿಗೆ ಹುಣ್ಣು ಪಾಪದ ಫಲ ಅಲ್ಲ. ಹಣೆಬರಹ ಅಲ್ಲ. ಒಂದು ದೇಹವನ್ನು ಎರಡು ಗಂಟೆಗೊಂದು ಸಲ ಮುಟ್ಟಿ ಮಗ್ಗುಲು ಬದಲಿಸುವ ಕೈ ಇಲ್ಲದೆ ಹೋದದ್ದರ ಫಲ. ಮುಟ್ಟುವುದರ ಪ್ರಶ್ನೆ ಬಂತು ಅಂದಮೇಲೆ ಅದು ನಮ್ಮ ಚಳವಳಿಯ ಪ್ರಶ್ನೆ.

ನನ್ನ ದೊಡ್ಡಪ್ಪನ ವಿಷಯ ಹೇಳಿಯೇ ಮುಂದಕ್ಕೆ ಹೋಗಬೇಕು. ತೆಂಗಿನ ಮರ ಹತ್ತುವ ಆಳು ಅವನು. ಒಬ್ಬ ಯಜಮಾನನ ತೋಟದಲ್ಲಿ ಕಾಯಿ ಕೀಳುವಾಗ ಜಾರಿ ಬಿದ್ದ. ಬೆನ್ನುಮೂಳೆ ಮುರೀತು, ಸೊಂಟದಿಂದ ಕೆಳಗೆ ಸತ್ತುಹೋಯ್ತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡರು. "ಇನ್ನೇನೂ ಮಾಡೋಕಾಗಲ್ಲ, ಮನೇಲಿ ನೋಡ್ಕೊಳ್ಳಿ" ಅಂತ ಕಳಿಸಿದರು. ಕೈಗೆ ಕೊಟ್ಟ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಮಾತ್ರೆ ಹೆಸರಿತ್ತು. ಮಗ್ಗುಲು ಬದಲಿಸಿ ಅಂತ ಒಂದಕ್ಷರ ಇರಲಿಲ್ಲ.

ದೊಡ್ಡವ್ವ ಮನೆಯಲ್ಲಿದ್ದ ಒಳ್ಳೆ ಕಂಬಳಿ ಹಾಸಿ ಅಂಗಾತ ಮಲಗಿಸಿದಳು. "ಅಲ್ಲಾಡುಸ್ಬೇಡ ಕಣ್ ಮಗ, ಮೂಳೆ ಕದ್ಲೋದಾತು" ಅಂತ ಯಾರನ್ನೂ ಹತ್ತಿರ ಬಿಡಲಿಲ್ಲ. ಪ್ರೀತಿಯಿಂದಲೇ ಅವನನ್ನು ಕದಲಿಸದೆ ಇಟ್ಟಳು. ಎರಡನೇ ವಾರಕ್ಕೆ ಬೆನ್ನಿನ ಬುಡದ ಮೂಳೆ ಮೇಲೆ ರೂಪಾಯಿ ಅಗಲ ಕಪ್ಪು ಕಲೆ. ಅವನಿಗೆ ಅಲ್ಲಿ ಸ್ಪರ್ಶವೇ ಇಲ್ಲ, ನೋವು ಹೇಳಲಿಲ್ಲ. ಒಂದು ತಿಂಗಳಿಗೆ ಮುಷ್ಟಿ ಹೋಗುವಷ್ಟು ಗುಳಿ. ಒಬ್ಬರು ಅರಿಶಿನ ತುಂಬಿದರು, ಇನ್ನೊಬ್ಬರು ಸ್ಪಿರಿಟ್ ಸುರಿದರು, ಮತ್ತೊಬ್ಬರು ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂರಿಸಿ ಅಂದರು. ಮೂರನೇ ತಿಂಗಳು ಚಳಿಜ್ವರ ಬಂದು ಹೋದ.

ನಾನಾಗ ಬಿ.ಎ. ಓದ್ತಾ ಹಾಸ್ಟೆಲಲ್ಲಿದ್ದೆ. ಹದಿನೈದು ದಿನಕ್ಕೊಮ್ಮೆ ಊರಿಗೆ ಬರ್ತಿದ್ದೆ. ಬಾಗಿಲ ಹತ್ತಿರ ಕೂತು ಅವನಿಗೆ ಪೇಪರ್ ಓದಿ ಹೇಳ್ತಿದ್ದೆ. ವಾಸನೆ ತಡೀಲಾರದೆ ಬೇಗ ಎದ್ದುಬಿಡ್ತಿದ್ದೆ. ಒಂದೇ ಒಂದು ಸಲವೂ ಅವನ ಮಗ್ಗುಲು ತಿರುಗಿಸಲಿಲ್ಲ. ಅಸ್ಪೃಶ್ಯತೆ ವಿರುದ್ಧ ಕವಿತೆ ಬರೆದ ಹುಡುಗ ನಾನು, ನನ್ನ ದೊಡ್ಡಪ್ಪನನ್ನು ಮುಟ್ಟಲಿಲ್ಲ. ಇದನ್ನು ಬರೆಯದೆ ಬೇರೆಯವರನ್ನು ಬೈಯುವ ಹಕ್ಕು ನನಗಿಲ್ಲ.

ಹುಣ್ಣು ಆಗೋದು ಹೇಗೆ ಅಂತ ಮೊದಲು ತಿಳಿಯೋಣ. ತಿಳಿಯದಿದ್ದರೆ ಪೂಜಾರಿ ಹೇಳಿದ್ದೇ ಸತ್ಯ ಆಗುತ್ತೆ.

ಚರ್ಮಕ್ಕೆ ಜೀವ ಕೊಡೋದು ಕೂದಲಿಗಿಂತ ಸಣ್ಣ ರಕ್ತನಾಳಗಳು. ಹಾಸಿಗೆ ಒಂದು ಕಡೆ, ಮೂಳೆ ಒಂದು ಕಡೆ, ನಡುವೆ ಚರ್ಮ, ಮಾಂಸ ಸಿಕ್ಕಿಕೊಂಡು ಆ ನಾಳಗಳು ಅಮುಕಿಹೋಗ್ತವೆ. ರಕ್ತ ನಿಲ್ಲುತ್ತೆ. ರಕ್ತ ನಿಂತ ಮಾಂಸ ಕೆಲವೇ ಗಂಟೆಗಳಲ್ಲಿ ಸಾಯೋಕೆ ಶುರುವಾಗುತ್ತೆ. ಸಿನಿಮಾ ನೋಡುವಾಗ ನಾವು ಗೊತ್ತಿಲ್ಲದಂಗೆ ಹತ್ತು ಸಲ ಕುಂಡಿ ಕದಲಿಸ್ತೀವಿ. ನಿದ್ದೆಯಲ್ಲೂ ಹೊರಳಾಡ್ತೀವಿ. ಹೊರಳಲಾಗದವನಿಗೆ, ಸ್ಪರ್ಶ ಇಲ್ಲದವನಿಗೆ, ಪ್ರಜ್ಞೆ ತಪ್ಪಿದವನಿಗೆ, ಲಕ್ವ ಹೊಡೆದ ಅಜ್ಜಿಗೆ ಆ ಹೊರಳಾಟವನ್ನು ಬೇರೆಯವರ ಕೈ ಮಾಡಬೇಕು. ವಿಷಯ ಇಷ್ಟೇ.

ಒತ್ತಡದ ಜೊತೆಗೆ ಉಜ್ಜಾಟವೂ ಸೇರುತ್ತೆ. ನಮ್ಮೂರಿನ ಗೊಂಬೆ ಕೆಲಸ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಲೇತಿನ ಮೇಲೆ ಆಲೆ ಮರದ ತುಂಡು ತಿರುಗುವಾಗ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಉಜ್ಜುವುದಕ್ಕೆ ಅಷ್ಟು ಶಕ್ತಿ ಇದೆ. ರೋಗಿಯನ್ನು ಕಂಕುಳಿಗೆ ಕೈ ಹಾಕಿ ದರದರ ಮೇಲಕ್ಕೆ ಎಳೆದಾಗ, ತಲೆದಿಂಬು ಎತ್ತರಿಸಿ ಕೂರಿಸಿ ಅವನು ಕೆಳಕ್ಕೆ ಜಾರಿದಾಗ, ಚರ್ಮಕ್ಕೆ ಆಗೋದೂ ಇದೇ. ಮೇಲೆ ತೊಗಲು ಸುಲಿಯುತ್ತೆ, ಒಳಗೆ ನಾಳ ಹರಿಯುತ್ತೆ. ಅದರ ಮೇಲೆ ಉಚ್ಚೆ, ಬೆವರು, ಹೇಲಿನ ತೇವ ನಿಂತರೆ ಚರ್ಮ ನೆಂದ ಕಾಗದ.

ಹಾಗಾದರೆ ಕರ್ಮ ಎಲ್ಲಿ ಬಂತು? ಹುಳ ಎಲ್ಲಿಂದ ಬಂತು? ನೊಣ ತೆರೆದ ಗಾಯದ ಮೇಲೆ ಮೊಟ್ಟೆ ಇಟ್ಟಿತು, ಮೊಟ್ಟೆ ಒಡೆದು ಹುಳ ಬಂತು. ಮಾವಿನ ಹಣ್ಣಿನ ಮೇಲೆ ಕೂತರೂ ನೊಣ ಅದನ್ನೇ ಮಾಡುತ್ತೆ, ಮಾವಿನ ಹಣ್ಣು ಯಾವ ಜನ್ಮದ ಪಾಪ ಮಾಡಿತ್ತು? ಅಮೆರಿಕದ ವಿಲಿಯಂ ಬೇಯರ್ ಅನ್ನೋ ಮೂಳೆ ವೈದ್ಯ ಮೊದಲ ಮಹಾಯುದ್ಧದ ಗಾಯಾಳುಗಳ ಹುಣ್ಣಲ್ಲಿ ಹುಳ ಸತ್ತ ಮಾಂಸವನ್ನೇ ತಿನ್ನೋದು ನೋಡಿ, ಆಮೇಲೆ ಶುದ್ಧವಾಗಿ ಸಾಕಿದ ಹುಳಗಳನ್ನೇ ಚಿಕಿತ್ಸೆಗೆ ಬಳಸಿದ. 2004ರಲ್ಲಿ ಅಮೆರಿಕದ ಸರ್ಕಾರ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಮನೆಯಲ್ಲಿ ಬಿದ್ದ ಹುಳ ಔಷಧಿ ಅಲ್ಲ, ಕೂಡಲೇ ಆಸ್ಪತ್ರೆಗೆ ಹೋಗಿ ತೆಗೆಸಬೇಕು. ನಾನು ಹೇಳೋದು ಇಷ್ಟೇ: ಹುಳಕ್ಕೆ ಜಾತಿ ಗೊತ್ತಿಲ್ಲ, ಪಾಪ ಪುಣ್ಯ ಗೊತ್ತಿಲ್ಲ. ಪಾಪದ ಲೆಕ್ಕ ಬರೆದವನು ಮನುಷ್ಯ. ಮುಟ್ಟದೆ ಕೈ ತೊಳೆದುಕೊಳ್ಳೋಕೆ ಅವನಿಗೊಂದು ಕಾರಣ ಬೇಕಿತ್ತು.

ಮುಟ್ಟದೆ ಕೊಲ್ಲುವುದು ಹೊಸದಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟರ ಕಾಗದ ಕೊಡ್ತಾರೆ. 1929ರ ಡಿಸೆಂಬರಿನಲ್ಲಿ ಗಾಂಧಿಯವರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾದ ಕಾಗದ ಅದು. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಫೀಸು ತಗೊಂಡ, ಆದರೆ ಕೇರಿಯೊಳಕ್ಕೆ ಬರಲ್ಲ ಅಂದ. ಎರಡು ದಿನದ ಬಾಣಂತಿಯನ್ನು ಕೇರಿಯ ಹೊರಕ್ಕೆ ತರಿಸಿದ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನರ ಕೈಗೆ ಕೊಟ್ಟ, ಅವರು ಮೇಷ್ಟರಿಗೆ ಕೊಟ್ಟರು, ಮೇಷ್ಟರು ಹೆಂಡತಿಗೆ ಇಟ್ಟರು, ಅದೇ ದಾರಿಯಲ್ಲಿ ವಾಪಸ್ ಹೋಯ್ತು. ನ್ಯುಮೋನಿಯಾ ಅಂತ ಹೇಳಿ ಹೋದ. ಆಕೆ ಸತ್ತಳು. ಇವತ್ತಿನ ವಾರ್ಡಿನಲ್ಲಿ ಯಾರೂ ಬಾಯಿಬಿಟ್ಟು ಜಾತಿ ಕೇಳಲ್ಲ. ಆದರೆ ಬಾಗಿಲಲ್ಲೇ ನಿಂತು ಚೀಟಿ ಬರೆದು, ಹೊದಿಕೆ ಎತ್ತಿ ಬೆನ್ನು ನೋಡದೆ ಮನೆಗೆ ಕಳಿಸೋದಿದೆಯಲ್ಲ, ಅದು ಅದೇ ಥರ್ಮಾಮೀಟರಿನ ಮೊಮ್ಮಗ.

ಇನ್ನೊಂದು ಕಡೆ ನೋಡಿ. ಲುಡ್ವಿಗ್ ಗಟ್‌ಮನ್ ಅಂತ ಒಬ್ಬ ಯಹೂದಿ ವೈದ್ಯ. ಹಿಟ್ಲರನ ಜರ್ಮನಿಯಲ್ಲಿ ಯಹೂದಿ ಅನ್ನೋ ಒಂದೇ ಕಾರಣಕ್ಕೆ ಕೆಲಸ ಕಳ್ಕೊಂಡ, 1939ರಲ್ಲಿ ಇಂಗ್ಲೆಂಡಿಗೆ ಓಡಿಬಂದ. ಅಲ್ಲಿ ಬೆನ್ನುಮೂಳೆ ಮುರಿದ ಸೈನಿಕರನ್ನು ಹೇಗಿದ್ದರೂ ಸಾಯೋರು ಅಂತ ಮೂಲೆಗೆ ಹಾಕ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಅಂಥವರು ಬಹುಪಾಲು ಸತ್ತದ್ದು ಗುಂಡಿನಿಂದಲ್ಲ, ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ. 1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಗಟ್‌ಮನ್ ವಾರ್ಡು ಶುರುಮಾಡಿದ. ಹಗಲು ರಾತ್ರಿ ಎರಡು ಗಂಟೆಗೊಂದು ಸಲ ಪ್ರತಿಯೊಬ್ಬನನ್ನೂ ತಿರುಗಿಸಬೇಕು ಅಂತ ಕಟ್ಟಪ್ಪಣೆ. ರಾತ್ರಿ ತಾನೇ ಎದ್ದು ಬಂದು ನೋಡ್ತಿದ್ದ. ಸಾಯಬೇಕಾಗಿದ್ದವರು ಬದುಕಿದರು. 1948ರ ಜುಲೈನಲ್ಲಿ ಅವರೇ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುಗಾರಿಕೆ ಆಡಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ. ಮನುಷ್ಯನೇ ಅಲ್ಲ ಅನ್ನಿಸಿಕೊಂಡ ಒಬ್ಬನು, ಸತ್ತೇಹೋದ ಅನ್ನಿಸಿಕೊಂಡವರನ್ನು ಮುಟ್ಟಿ ಎಬ್ಬಿಸಿದ. ಇದಕ್ಕೆ ಮಂತ್ರ ಬೇಕಾಗಲಿಲ್ಲ, ಗಡಿಯಾರ ಸಾಕಾಯ್ತು.

ನಮ್ಮ ಪಕ್ಕದಲ್ಲೂ ಇದ್ದಾರೆ. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರಲ್ಲಿ ಕಾರು ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟಾಗಿ ನಡಿಗೆ ಕಳ್ಕೊಂಡರು. ಗಾಲಿಕುರ್ಚಿಯಲ್ಲೇ ಕೂತು ಆಪರೇಷನ್ ಮಾಡಿದರು. ಅವರು ಮುಂದೆ ನಿಂತು ಕಟ್ಟಿದ ಪುನರ್ವಸತಿ ಕೇಂದ್ರ 1966ರಲ್ಲಿ ತೆರೆಯಿತು. ಬೆನ್ನುಮೂಳೆ ಮುರಿದ ಮೇಲೂ ಬದುಕಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ಬಣ್ಣದ ಮಾತು. ಹುಣ್ಣು ಶುರುವಾಗುವ ಮೊದಲ ಗುರುತು ಕೆಂಪು ಕಲೆ, ಒತ್ತಿ ಬಿಟ್ಟರೂ ಬಿಳಿಚದ ಕೆಂಪು ಅಂತ ಪುಸ್ತಕದಲ್ಲಿದೆ. ಯಾರ ಚರ್ಮ ನೋಡಿ ಬರೆದ ಪುಸ್ತಕ ಅದು? ಬಿಳಿಯರ ಚರ್ಮ. ಬಿಸಿಲಲ್ಲಿ ದುಡಿದ ನಮ್ಮ ಕಪ್ಪು ಬೆನ್ನಲ್ಲಿ ಕೆಂಪು ಕಾಣಲ್ಲ. ಕಪ್ಪು ಚರ್ಮದಲ್ಲಿ ಮೊದಲ ಹಂತ ಕಣ್ಣಿಗೆ ಬೀಳದೆ ಹುಣ್ಣು ಒಡೆದ ಮೇಲೇ ಗೊತ್ತಾಗೋದು ಜಾಸ್ತಿ ಅನ್ನೋದನ್ನು ವೈದ್ಯಶಾಸ್ತ್ರವೇ ಈಗ ಒಪ್ಪಿದೆ. ಆದ್ದರಿಂದ ನಮ್ಮೋರಿಗೆ ಬರೀ ಕಣ್ಣು ಸಾಲದು, ಕೈ ಬೇಕು. ಮೂಳೆ ಎದ್ದ ಜಾಗ ಸುತ್ತಲಿನ ಚರ್ಮಕ್ಕಿಂತ ಹೆಚ್ಚು ಕಪ್ಪಾಗಿದೆಯೇ, ನೇರಳೆ ಬಣ್ಣಕ್ಕೆ ತಿರುಗಿದೆಯೇ ನೋಡಿ. ಅಂಗೈ ಹಿಂಬದಿ ಇಟ್ಟು ಬಿಸಿಯೇ, ತಣ್ಣಗಿದೆಯೇ ಮುಟ್ಟಿ. ಗಟ್ಟಿಯಾಗಿದೆಯೇ, ಮೆತ್ತಗಾಗಿದೆಯೇ ಒತ್ತಿ. ರೋಗಿಗೆ ಸ್ಪರ್ಶ ಇದ್ದರೆ ನೋವು ಕೇಳಿ.

ಇನ್ನು ಮಾಡಬೇಕಾದ್ದು. ಇದನ್ನು ಹರಿದು ಗೋಡೆಗೆ ಅಂಟಿಸಿದರೂ ಸರಿ.

ಒಂದು: ಎರಡು ಗಂಟೆಗೊಮ್ಮೆ ಮಗ್ಗುಲು. ಎಡಕ್ಕೆ, ಅಂಗಾತ, ಬಲಕ್ಕೆ. ಪಕ್ಕಕ್ಕೆ ಮಲಗಿಸುವಾಗ ಸೊಂಟದ ಮೂಳೆ ಮೇಲೇ ಪೂರ್ತಿ ಭಾರ ಬೀಳದಂಗೆ ಬೆನ್ನಿಗೆ ದಿಂಬು ಒತ್ತಿ 30 ಡಿಗ್ರಿಯಷ್ಟು ಓರೆ ಮಾಡಿ. ಮಂಡಿಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಒಂದು ದಿಂಬು, ಹಿಮ್ಮಡಿ ಗಾಳಿಯಲ್ಲಿರಬೇಕು. ಬೆನ್ನುಮೂಳೆ ಮುರಿದವರನ್ನು ದಿಮ್ಮಿ ಉರುಳಿಸಿದಂಗೆ ತಲೆ, ಭುಜ, ಸೊಂಟ ಒಟ್ಟಿಗೇ ತಿರುಗಿಸಬೇಕು. ಅದನ್ನು ಆಸ್ಪತ್ರೆ ಬಿಡುವ ಮುಂಚೆ ನರ್ಸಮ್ಮನ ಮುಂದೆ ನೀವೇ ಮಾಡಿ ಕಲಿತುಕೊಳ್ಳಿ. ಕಲಿಸದೆ ಕಳಿಸಿದರೆ ಹಾಸಿಗೆ ಬಿಟ್ಟು ಏಳಬೇಡಿ.

ಎರಡು: ಎಳೀಬೇಡಿ, ಎತ್ತಿ. ಕೆಳಗೆ ಮಡಿಸಿದ ದುಪ್ಪಟಿ ಹಾಕಿ ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿ. ಊಟದ ಹೊತ್ತು ಬಿಟ್ಟು ತಲೆ ಕಡೆ 30 ಡಿಗ್ರಿಗಿಂತ ಎತ್ತರ ಬೇಡ. ಕುರ್ಚಿಯಲ್ಲಿ ಕೂರುವವರು 15ರಿಂದ 30 ನಿಮಿಷಕ್ಕೊಮ್ಮೆ ಭಾರ ಬದಲಿಸಬೇಕು.

ಮೂರು: ದಿನಕ್ಕೆ ಎರಡು ಸಲ ಮೈ ನೋಡಿ. ಬೆನ್ನ ಬುಡ, ಸೊಂಟದ ಎರಡು ಮಗ್ಗುಲು, ಹಿಮ್ಮಡಿ, ಕಾಲಿನ ಗಿಣ್ಣು, ಮೊಣಕೈ, ಭುಜದ ಮೂಳೆ, ತಲೆಯ ಹಿಂಬದಿ, ಕಿವಿ.

ನಾಲ್ಕು: ಒದ್ದೆ ಮಾಡಿಕೊಂಡರೆ ಆಗಲೇ ತೊಳೆದು ಒತ್ತಿ ಒರೆಸಿ, ಉಜ್ಜಬೇಡಿ. ಪ್ಲಾಸ್ಟಿಕ್ ಹಾಳೆ ಮೈಗೆ ತಾಕಬಾರದು. ಹಾಸಿಗೆಯಲ್ಲಿ ಸುಕ್ಕು, ಅನ್ನದ ಅಗುಳು, ಗುಂಡಿ ಇರಬಾರದು.

ಐದು: ಕಪ್ಪಾದ ಮೂಳೆ ಜಾಗವನ್ನು ತಿಕ್ಕಿ ಮಸಾಜ್ ಮಾಡಬೇಡಿ, ಒಳಗೆ ಇನ್ನೂ ಹರಿಯುತ್ತೆ. ಗಾಳಿ ಟ್ಯೂಬಿನ ಬಳೆ ಮೇಲೆ ಕೂರಿಸಬೇಡಿ, ಅದು ಸುತ್ತಲಿನ ರಕ್ತ ತಡೆದು ನಡುವಿನ ಚರ್ಮವನ್ನೇ ಕೊಲ್ಲುತ್ತೆ. ಗಾಳಿ ಹಾಸಿಗೆ ಸಿಕ್ಕರೆ ಒಳ್ಳೇದು, ಆದರೆ ಅದು ಬಂತು ಅಂತ ತಿರುಗಿಸೋದು ಬಿಡಬೇಡಿ.

ಹುಣ್ಣು ಒಡೆದುಬಿಟ್ಟಿದ್ದರೆ? ಮೊದಲ ಔಷಧಿ ಆ ಜಾಗದ ಮೇಲೆ ಮತ್ತೆ ಮಲಗಿಸದೆ ಇರೋದು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಒಂದೂವರೆ ಟೀ ಚಮಚದಷ್ಟು, ಹಾಕಿ ಅದರಿಂದ ತೊಳೆಯಿರಿ. ಸ್ಪಿರಿಟ್, ನೊರೆ ಬರುವ ಪೆರಾಕ್ಸೈಡ್, ಬೂದಿ, ಸಗಣಿ, ಸುಣ್ಣ, ಸೀಮೆಎಣ್ಣೆ ಬೇಡ. ಇವು ಹೊಸದಾಗಿ ಹುಟ್ಟುವ ಮಾಂಸವನ್ನು ಸುಡುತ್ತವೆ, ಇಲ್ಲವೇ ನಂಜು ತುಂಬುತ್ತವೆ. ಗಾಯ ಒಣಗಬೇಕು ಅಂತ ಬಿಸಿಲಿಗೆ ಬಿಚ್ಚಿಡಬೇಡಿ. ಶುದ್ಧವಾದ ಪಟ್ಟಿಯ ಕೆಳಗೆ ಸ್ವಲ್ಪ ತೇವವಿದ್ದರೇ ಮಾಂಸ ಬೇಗ ಕೂಡುತ್ತೆ. ಕಪ್ಪಗೆ ಸತ್ತ ಮಾಂಸ ಕಂಡರೆ ಮನೆಯಲ್ಲಿ ಕತ್ತರಿಸಬೇಡಿ, ಅದು ಡಾಕ್ಟರ ಕೆಲಸ. ಜ್ವರ, ಗಬ್ಬು ವಾಸನೆ, ಸುತ್ತ ಊತ, ಮಾತು ತೊದಲಿ ಮಂಕಾಗೋದು, ಮೂಳೆ ಕಾಣೋದು, ಇವುಗಳಲ್ಲಿ ಒಂದಿದ್ದರೂ ಅವತ್ತೇ ಆಸ್ಪತ್ರೆ. ನಂಜು ರಕ್ತಕ್ಕೆ ಏರಿದರೆ ಜೀವ ಹೋಗುತ್ತೆ. 'ಸೂಪರ್‌ಮ್ಯಾನ್' ಆಗಿ ನಟಿಸಿದ ಕ್ರಿಸ್ಟೋಫರ್ ರೀವ್, ಕುದುರೆಯಿಂದ ಬಿದ್ದು ಕತ್ತಿನಿಂದ ಕೆಳಗೆ ಸ್ವಾಧೀನ ತಪ್ಪಿದ್ದವರು, ಕೋಟಿ ಕೋಟಿ ದುಡ್ಡು ಇದ್ದವರು, 2004ರ ಅಕ್ಟೋಬರಿನಲ್ಲಿ ನಂಜಾದ ಹಾಸಿಗೆ ಹುಣ್ಣಿಗೆ ಚಿಕಿತ್ಸೆ ಪಡೆಯುತ್ತಿದ್ದಾಗಲೇ ತೀರಿಕೊಂಡರು. ಅವರಿಗೇ ಹಾಗಾದ ಮೇಲೆ ನಮ್ಮ ಗುಡಿಸಲಲ್ಲಿ ಮೈಮರೆಯೋದು ಹೇಗೆ?

ಆಮೇಲೆ ಊಟ. ಮಾಂಸ ಹೊಸದಾಗಿ ಬೆಳೆಯಬೇಕಾದರೆ ದೇಹದ ಪ್ರತಿ ಕಿಲೋಗೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನು ಬೇಕು ಅಂತಾರೆ ವೈದ್ಯರು. 50 ಕಿಲೋ ಮನುಷ್ಯನಿಗೆ 62ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಹುರುಳಿಕಾಳಿನಲ್ಲಿ 22 ಗ್ರಾಂ, 100 ಗ್ರಾಂ ರಾಗಿಯಲ್ಲಿ 7 ಗ್ರಾಂ. ಬರೀ ಮುದ್ದೆ, ಸಪ್ಪೆ ಸಾರಿನಲ್ಲಿ ಹುಣ್ಣು ಮಾಯಲ್ಲ. ಆದರೆ ನಮ್ಮ ಮನೆಗಳಲ್ಲಿ ಹುಣ್ಣಾದವನಿಗೆ ಮೊಟ್ಟೆ, ಮಾಂಸ 'ನಂಜು' ಅಂತ ಪಥ್ಯ ಮಾಡಿಸ್ತಾರೆ. ಈ ಪಥ್ಯವನ್ನು ನಮಗೆ ಕಲಿಸಿದವರು ಯಾರು? ಬಡವನಿಗೆ ಕೈಗೆಟುಕುತ್ತಿದ್ದ ದನದ ಮಾಂಸದ ಮೇಲೆ 2021ರಿಂದ ಬಿಗಿ ಕಾನೂನು ಕೂತಿದೆ. ಒಂದು ಕಡೆ ಧರ್ಮ ತಟ್ಟೆ ಕಸಿಯುತ್ತೆ, ಇನ್ನೊಂದು ಕಡೆ ಅದೇ ಧರ್ಮ ಹುಣ್ಣನ್ನು ಕರ್ಮ ಅನ್ನುತ್ತೆ. ಮೊಟ್ಟೆ, ಕಾಳು, ಮೀನು, ಸಿಕ್ಕ ಮಾಂಸ ಹೆದರದೆ ಕೊಡಿ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಮಾತ್ರ ಡಾಕ್ಟರನ್ನು ಕೇಳಿ ಕೊಡಿ.

ಈಗ ನೀವು ಕೇಳಬಹುದು, "ಇದೆಲ್ಲಾ ಸರಿ ಅಣ್ಣ, ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಏಳೋರು ಯಾರು?" ಅಂತ. ಪ್ರಶ್ನೆ ಅಲ್ಲೇ ಇದೆ. ಇವತ್ತು ಏಳ್ತಿರೋರು ಅವ್ವ, ಅಕ್ಕ, ಹೆಂಡತಿ. ಹಗಲು ಕೂಲಿ ಮಾಡಿ ಬಂದು ರಾತ್ರಿ ಏಳೋರು. ನಮ್ಮ ಕೇರಿಗಳ ಹೆಣ್ಣುಮಕ್ಕಳು ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಆಯಾ ಕೆಲಸದಲ್ಲಿ, ಕಂಟ್ರಾಕ್ಟ್ ಕ್ಲೀನಿಂಗ್ ಕೆಲಸದಲ್ಲಿ ಊರೋರ ಹೇಲುಚ್ಚೆ ಬಾಚ್ತಾರೆ, ಊರೋರ ಅಪ್ಪ ಅಮ್ಮನ ಮಗ್ಗುಲು ತಿರುಗಿಸ್ತಾರೆ. ಅವರ ಸ್ವಂತ ಅಪ್ಪ ಕೇರಿಯಲ್ಲಿ ಅಂಗಾತ ಬಿದ್ದಿರ್ತಾನೆ. ಎಲ್ಲರ ಮೈ ಮುಟ್ಟುವ ಕೈ ನಮ್ಮದು, ನಮ್ಮ ಮೈ ಮುಟ್ಟುವ ಕೈ ಯಾವುದೂ ಇಲ್ಲ. ಇದಕ್ಕಿಂತ ಸ್ಪಷ್ಟವಾಗಿ ಜಾತಿಯ ಅರ್ಥ ಹೇಳೋಕೆ ನನಗೆ ಬರಲ್ಲ.

ಹಾಗಾದರೆ ಗಂಡುಮಕ್ಕಳು ಎಲ್ಲಿದ್ದೀವಿ? ಸಭೆಯಲ್ಲಿದ್ದೀವಿ. ತಮಟೆ ಹೊಡೀತಿದ್ದೀವಿ. ನಾವು ಕವಿಗಳಂತೂ ನಾಲ್ಕು ಸಾಲಿಗೊಮ್ಮೆ 'ಗಾಯ', 'ಹುಣ್ಣು', 'ಕೀವು' ಅಂತ ಬರೀತೀವಿ. ಒಂದು ನಿಜವಾದ ಹುಣ್ಣು ತೊಳೆದವರು ನಮ್ಮಲ್ಲಿ ಎಷ್ಟು ಜನ, ಕೈ ಎತ್ತಿ ನೋಡೋಣ? 1973ರ ಬೂಸಾ ಗಲಾಟೆಯಲ್ಲಿ ಹಾಸ್ಟೆಲ್ ಹುಡುಗರು ಏಟು ತಿಂದರು, ಆ ಏಟಿನಿಂದಲೇ ಚಳವಳಿ ಬೆಳೀತು. ಅವರ ಮೊಮ್ಮಕ್ಕಳ ವಯಸ್ಸಿನ ನಾವು ಮೈ ಬಗ್ಗಿಸಿ ದುಪ್ಪಟಿ ಎತ್ತಲಾರೆವೇ?

ಲೆಕ್ಕ ಹಾಕಿ. ದಿನಕ್ಕೆ 24 ಗಂಟೆ, ಎರಡು ಗಂಟೆಗೊಮ್ಮೆ ಅಂದರೆ 12 ಸಲ. ಕೇರಿಯಲ್ಲಿ ಆರು ಜನ ಸೇರಿದರೆ ತಲೆಗೆ ಎರಡೇ ಸಲ. ಒಂದು ಸಲಕ್ಕೆ ಐದು ನಿಮಿಷ. ಗೋಡೆ ಮೇಲೆ ಇದ್ದಿಲಲ್ಲಿ ಬರೆಯಿರಿ: 6 ಗಂಟೆ ಎಡ, 8 ಗಂಟೆ ಅಂಗಾತ, 10 ಗಂಟೆ ಬಲ. ತಿರುಗಿಸಿದವನು ಗೀಟು ಹಾಕಲಿ. ರಜೆಯಲ್ಲಿ ಊರಿಗೆ ಹೋದವರು ಕೇರಿಯಲ್ಲಿ ಹಾಸಿಗೆ ಹಿಡಿದವರು ಎಷ್ಟು ಜನ ಅಂತ ಪಟ್ಟಿ ಮಾಡಿ. ನರ್ಸಿಂಗ್ ಓದುವ ನಮ್ಮ ಅಕ್ಕತಂಗಿಯರು ಹಾಸ್ಟೆಲಿನಲ್ಲಿ ಒಂದು ಭಾನುವಾರ ಎಲ್ಲರಿಗೂ ತಿರುಗಿಸುವುದನ್ನು ಕಲಿಸಲಿ.

ಇಷ್ಟು ನಾವು ಮಾಡಿದರೆ ಸರ್ಕಾರಕ್ಕೆ ಬಿಡುಗಡೆ ಅಂತಲ್ಲ. ಪಕ್ಕದ ಕೇರಳ 2008ರಲ್ಲೇ ಉಪಶಾಮಕ ಆರೈಕೆ ನೀತಿ ತಂದು ಪಂಚಾಯ್ತಿ ಮೂಲಕ ನರ್ಸನ್ನು ರೋಗಿಯ ಮನೆ ಬಾಗಿಲಿಗೆ ಕಳಿಸ್ತು. ನಮ್ಮಲ್ಲಿ 2007ರಲ್ಲಿ ರಾಮನಗರ ಜಿಲ್ಲೆ ಅಂದರು, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಿಸಿದರು. 2023ರಲ್ಲಿ ಮೈಸೂರು ಹೆದ್ದಾರಿ ಉದ್ಘಾಟನೆ ಆಯ್ತು. ಜಿಲ್ಲೆಯ ಬೋರ್ಡು ತಿರುಗಿತು, ರಸ್ತೆ ತಿರುಗಿತು, ಕೇರಿಯ ರೋಗಿ ಮಾತ್ರ ಅಂಗಾತವೇ ಇದ್ದಾನೆ. ಆದ್ದರಿಂದ ಕೇಳೋಣ: ಹಾಸಿಗೆ ಹಿಡಿದ ಪ್ರತಿ ರೋಗಿಯ ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಮಗ್ಗುಲು ಬದಲಿಸುವ ವಿವರ ಬರೆಯಬೇಕು, ಮನೆಯವರಿಗೆ ಕಲಿಸಿಯೇ ಕಳಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರವಲು ಕೊಡಲು ಗಾಳಿ ಹಾಸಿಗೆ ಇರಬೇಕು. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ದುಡ್ಡಲ್ಲಿ ಕೇರಿಗೆ ಮನೆಮನೆ ನರ್ಸ್ ಬರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ನೆರವು ಬೇಕಾದವರ ಆರೈಕೆಗೆ ಭತ್ಯೆಯ ಮಾತಿದೆ. ಆ ಭತ್ಯೆ ರಾತ್ರಿ ಏಳುವ ಅವ್ವನ ಕೈಗೆ ಬರಬೇಕು.

1859ರಲ್ಲೇ ಫ್ಲಾರೆನ್ಸ್ ನೈಟಿಂಗೇಲ್ ಬರೆದಿದ್ದಳು, ರೋಗಿಗೆ ಹಾಸಿಗೆ ಹುಣ್ಣಾದರೆ ಸಾಮಾನ್ಯವಾಗಿ ಅದು ರೋಗದ ತಪ್ಪಲ್ಲ, ಆರೈಕೆಯ ತಪ್ಪು ಅಂತ. ಎಲ್ಲ ಹುಣ್ಣನ್ನೂ ತಡೆಯಲಾಗಲ್ಲ, ಕೊನೆ ದಿನಗಳಲ್ಲಿ ಎಷ್ಟು ನೋಡಿಕೊಂಡರೂ ಕೆಲವರಿಗೆ ಆಗುತ್ತೆ. ಅಂಥ ಮನೆಯವರನ್ನು ಬೈಯಬೇಡಿ, ದೊಡ್ಡವ್ವನನ್ನು ಬೈಯಬೇಡಿ. ಅವಳಿಗೆ ಯಾರೂ ಹೇಳಲಿಲ್ಲ. ಬಹುಪಾಲು ಹುಣ್ಣು ಮಾತ್ರ ತಡೆಯಬಹುದಾದದ್ದು. ನನಗೆ ಈಗ ಗೊತ್ತು, ನಿಮಗೂ ಈಗ ಗೊತ್ತು. ಗೊತ್ತಿದ್ದೂ ಬಾಗಿಲಲ್ಲಿ ನಿಂತರೆ ನಾವೂ ಆ ಥರ್ಮಾಮೀಟರಿನ ಡಾಕ್ಟರೇ.

ಈ ಶನಿವಾರ ಊರಿಗೆ ಹೋಗ್ತೀರಲ್ಲ, ಮೊದಲು ಹಾಸಿಗೆ ಹಿಡಿದವರ ಮನೆಗೆ ಹೋಗಿ. ಹೊದಿಕೆ ಎತ್ತಿ ಬೆನ್ನು ನೋಡಿ. ಮುಟ್ಟಿ. ತಿರುಗಿಸಿ. ಆಮೇಲೆ ಸಭೆಗೆ ಬನ್ನಿ.

ಜೈ ಭೀಮ್.